ಸೋದರಮಾವನ ಹೊಣೆ

ಈ ಲೇಖನದ ವಿಷಯವನ್ನು ಕಂಡು ವಾಚಕಮಹಾಶಯರಲ್ಲಿ ಕೆಲವರಾದರೂ ಹುಬ್ಬು ಗಂಟಿಕ್ಕುವರೆಂಬುದನ್ನು ನಾವು ಬಲ್ಲೆವು. ಹಿರಿಯರೂ ಕಿರಿಯರೂ ಒಂದೇ ಜಗಲಿಯಲ್ಲಿ ಕುಳಿತು ಓದುವ ಮಾಸಪತ್ರಿಕೆಯಲ್ಲಿ ಹೆಂಗಸರ ಮುಟ್ಟಿನ ಮಾತೇಕೆ? ಅದರಲ್ಲಿಯೂ, ಸಂಸ್ಕೃತವನ್ನು ಓದಿ ಮಕ್ಕಳಿಗೆ ಶಬ್ದರೂಪಗಳನ್ನು ಕಂಠಪಾಠ ಮಾಡಿಸಿ ಕಾಲ ಕಳೆದ ಗಂಡಸಿಗೆ ಆ ಗೊಡವೆಯೇಕೆ? ಈ ಆಕ್ಷೇಪಣೆಯು ನ್ಯಾಯವಾದದ್ದೇ. ನಾವು ಇಲ್ಲಿ ವಿಚಾರಿಸಹೊರಟಿರುವುದೂ ಅದನ್ನೇ. ಹೆಂಗಸರ ಈ ವಿಷಯದಲ್ಲಿ ಗಂಡಸಿಗೆ ಏನಾದರೂ ಕರ್ತವ್ಯವುಂಟೆ? ಉಂಟಾದರೆ ಅದರ ಮೇರೆ ಎಲ್ಲಿಯವರೆಗೆ?

ಡಂಡಿ ನಗರದ ಪ್ರಸಂಗ

ಈ ಪ್ರಶ್ನೆಯು 2022ನೆಯ ಇಸವಿಯಲ್ಲಿ ಸ್ಕಾಟ್ಲೆಂಡ್ ದೇಶದಲ್ಲಿ ದೊಡ್ಡ ವಾಗ್ವಾದಕ್ಕೆ ಕಾರಣವಾಯಿತು. ಮುಟ್ಟಿನ ಕಾಲಕ್ಕೆ ಬೇಕಾಗುವ ಪ್ಯಾಡು ಮುಂತಾದ ಸಾಮಗ್ರಿಗಳು ಬೇಕೆಂದವರಿಗೆಲ್ಲ ಬೆಲೆಯಿಲ್ಲದೆ ದೊರೆಯಬೇಕೆಂದು ಮೋನಿಕಾ ಲೆನನ್ ಎಂಬ ಸದಸ್ಯೆಯು ಆ ದೇಶದ ಪಾರ್ಲಿಮೆಂಟಿನಲ್ಲಿ ಮಸೂದೆಯೊಂದನ್ನು ತಂದಿದ್ದಳು. 2020ರ ನವೆಂಬರ್ 24ರಂದು ಸಭೆಯು ಅದನ್ನು ಒಂದು ವಿರೋಧಮತವೂ ಇಲ್ಲದೆ ಅಂಗೀಕರಿಸಿತು. ಕಾನೂನು ಪೂರ್ಣವಾಗಿ ಜಾರಿಗೆ ಬಂದದ್ದು 2022ರ ಆಗಸ್ಟ್ 15ರಂದು. ಇಂಥ ಕಾನೂನನ್ನು ಮಾಡಿದ ದೇಶಗಳಲ್ಲಿ ಅದೇ ಮೊದಲನೆಯದು.

ಆ ದಿನಗಳಲ್ಲಿಯೇ ಡಂಡಿ ನಗರವಿರುವ ಟೇಸೈಡ್ ಪ್ರಾಂತದಲ್ಲಿ ಈ ಕಾರ್ಯಕ್ಕೆಂದು ಒಬ್ಬ ಅಧಿಕಾರಿಯನ್ನು ನೇಮಿಸಲಾಯಿತು. ಶಾಲೆ ಕಾಲೇಜುಗಳಲ್ಲಿ ಸಾಮಗ್ರಿಯು ದೊರೆಯುವುದೆಂಬ ವಿಚಾರವನ್ನು ಪ್ರಚಾರ ಮಾಡುವುದು ಮತ್ತು ಮುಟ್ಟಿನ ವಿಷಯದಲ್ಲಿರುವ ನಾಚಿಕೆಯನ್ನು ಹೋಗಲಾಡಿಸುವುದು ಆ ಹುದ್ದೆಯ ಕೆಲಸ. ನೇಮಕವಾದವನು ಜೇಸನ್ ಗ್ರಾಂಟ್ ಎಂಬ ಪುರುಷ. ಆತನು ಅದಕ್ಕೆ ಮೊದಲು ಕಾಲೇಜಿನಲ್ಲಿ ವಿದ್ಯಾರ್ಥಿಗಳ ಕ್ಷೇಮವನ್ನು ನೋಡಿಕೊಳ್ಳುವ ಉದ್ಯೋಗದಲ್ಲಿದ್ದವನು. ಸುದ್ದಿಯು ಹಬ್ಬಿದ ಕೂಡಲೆ ಕೋಲಾಹಲವೆದ್ದಿತು. ಟೆನಿಸ್ ಆಟದಲ್ಲಿ ಜಗದ್ವಿಖ್ಯಾತಳಾದ ಮಾರ್ಟಿನಾ ನವ್ರಾಟಿಲೋವಾ ಮೊದಲಾದವರು ಇದು ತೀರ ಅಸಂಬದ್ಧವೆಂದು ಖಂಡಿಸಿದರು. ಪರವಾಗಿ ಮಾತನಾಡಿದವರೂ ಇದ್ದರು. ಕಡೆಗೆ ವಾದವು ಬೈಗುಳಕ್ಕೂ ಬೆದರಿಕೆಗೂ ಇಳಿಯಿತು. ಸೆಪ್ಟೆಂಬರ್ ತಿಂಗಳ ಮೊದಲ ಭಾಗದಲ್ಲಿ, ವ್ಯಕ್ತಿಗಳಿಗೆ ಬಂದ ಬೆದರಿಕೆಗಳ ಕಾರಣದಿಂದ ಆ ಹುದ್ದೆಯನ್ನು ಮುಂದುವರಿಸಲಾಗದೆಂದು ಸಂಬಂಧಪಟ್ಟ ಸಂಸ್ಥೆಗಳು ಪ್ರಕಟಿಸಿದವು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಗಂಡಸಿನ ಸ್ಥಾನದಲ್ಲಿ ಒಬ್ಬ ಹೆಂಗಸು ಬಂದು ಕುಳಿತಳೆಂದಲ್ಲ. ಕುಳಿತುಕೊಳ್ಳುವ ಪೀಠವನ್ನೇ ತೆಗೆದುಹಾಕಿದರು. ವಾದದಲ್ಲಿ ಗೆದ್ದವರಾರೋ ಹೇಳಲಾರೆವು.

ಪೂರ್ವಪಕ್ಷ

ಶಾಸ್ತ್ರವಿಚಾರದಲ್ಲಿ ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ನಾವೇ ಹೇಳಿ ಆಮೇಲೆ ಉತ್ತರ ಕೊಡಬೇಕೆಂಬುದು ಸಂಪ್ರದಾಯ. ಆದಕಾರಣ ಮೊದಲು ಬೇಡವೆನ್ನುವವರ ವಾದವನ್ನು ಕೇಳೋಣ.

ಒಂದನೆಯದಾಗಿ, ಅನುಭವವಿಲ್ಲದವನಿಗೆ ಅಧಿಕಾರವಿಲ್ಲ. ಹನ್ನೆರಡು ವರ್ಷದ ಹುಡುಗಿಯು ತರಗತಿಯ ನಡುವೆ ಲಂಗದ ಹಿಂದೆ ಕಲೆಯಾಯಿತೆಂದು ಅರಿತ ಕ್ಷಣದಲ್ಲಿ ಅವಳಿಗಾಗುವ ತಲ್ಲಣವನ್ನು ಯಾವ ಗಂಡಸು ಬಲ್ಲನು? ಎರಡನೆಯದಾಗಿ, ಹೆಣ್ಣುಮಕ್ಕಳು ಇಂಥ ಮಾತನ್ನು ಗಂಡಸಿನೊಡನೆ ಆಡಲಾರರು; ಆಡಿರೆಂದು ಬಲವಂತಪಡಿಸುವುದು ಸುಧಾರಣೆಯಲ್ಲ, ಹಿಂಸೆ. ಮೂರನೆಯದು ಎಲ್ಲಕ್ಕಿಂತ ಬಲವಾದದ್ದು. ಲೋಕದ ಹುದ್ದೆಗಳಲ್ಲಿ ಹೆಚ್ಚಿನವು ಗಂಡಸರ ಕೈಯಲ್ಲಿಯೇ ಇರುವಾಗ, ಹೆಂಗಸಿಗೇ ಸಲ್ಲತಕ್ಕ ಈ ಒಂದನ್ನೂ ಅವನೇ ಕಸಿದುಕೊಳ್ಳಬೇಕೆ? ಹಳ್ಳಿಹಳ್ಳಿಯಲ್ಲಿ ಮನೆಮನೆಗೆ ನಡೆದು ತಾಯಂದಿರೊಡನೆ ಈ ಮಾತನ್ನಾಡುವ ಆಶಾ ಕಾರ್ಯಕರ್ತೆಯರೂ ಅಂಗನವಾಡಿಯ ಕಾರ್ಯಕರ್ತೆಯರೂ ಲಕ್ಷಾಂತರವಾಗಿರುವರು. ಅವರ ಹೆಸರು ಪತ್ರಿಕೆಯಲ್ಲಿ ಬಾರದು. ಅದೇ ಕೆಲಸವನ್ನು ಒಬ್ಬ ಗಂಡಸು ಮಾಡಿದರೆ ಅವನ ಮೇಲೆ ಚಲನಚಿತ್ರವೇ ತಯಾರಾಗುವುದು.

ಈ ಮೂರು ಮಾತುಗಳಲ್ಲಿ ಒಂದನ್ನೂ ನಾವು ಹುಸಿಯೆನ್ನಲಾರೆವು.

ಪ್ರತಿಪಕ್ಷ

ಈಗ ಇನ್ನೊಂದು ಕಡೆಯವರ ಮಾತು. ಮೇಲೆ ಹೇಳಿದ ಚಲನಚಿತ್ರವು 2018ರಲ್ಲಿ ಹಿಂದಿಯಲ್ಲಿ ಬಂದದ್ದು. ಅದಕ್ಕೆ ಮೂಲನಾದವನು ನಮ್ಮ ನೆರೆಯ ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ. ಹೆಚ್ಚು ಓದದ ಬಡವನಾದ ಈತನು 1998ರಲ್ಲಿ ಮದುವೆಯಾದ ಹೊಸದರಲ್ಲಿ, ಹೆಂಡತಿಯು ಹಳೆಯ ಚಿಂದಿಯನ್ನು ತನಗೆ ಕಾಣದಂತೆ ಬಚ್ಚಿಟ್ಟುಕೊಂಡು ಹೋಗುವುದನ್ನು ಕಂಡನು. ವಿಚಾರಿಸಲಾಗಿ, ಅಂಗಡಿಯ ಪ್ಯಾಡನ್ನು ಕೊಂಡರೆ ಮನೆಯ ಹಾಲಿನ ಖರ್ಚಿಗೆ ಕೊರತೆಯೆಂದು ತಿಳಿಯಿತು. ಹತ್ತಿಯಲ್ಲಿ ತಾನೇ ಮಾಡಿಕೊಡುವೆನೆಂದು ಹೊರಟವನಿಗೆ ಪರೀಕ್ಷಿಸಿ ಹೇಳುವವರು ಯಾರೂ ಸಿಕ್ಕಲಿಲ್ಲ. ಕಾಲ್ಚೆಂಡಿನ ಬ್ಲಾಡರಿನಲ್ಲಿ ಆಡಿನ ರಕ್ತವನ್ನು ತುಂಬಿ ತನ್ನ ಮೈಗೇ ಕಟ್ಟಿಕೊಂಡು ಪರೀಕ್ಷಿಸಿದನು. ಹುಚ್ಚು ಹಿಡಿದಿದೆಯೆಂದು ಊರು ನಕ್ಕಿತು, ಹೆಂಡತಿಯು ತವರಿಗೆ ಹೋದಳು, ತಾಯಿಯೂ ಬಿಟ್ಟುಹೋದಳು. ವರ್ಷಗಳ ಮೇಲೆ, ಹಳ್ಳಿಯ ಹೆಂಗಸರೇ ಕುಳಿತು ನಡೆಸಬಹುದಾದ, ದೊಡ್ಡ ಕಾರಖಾನೆಯ ಯಂತ್ರದ ಮುಂದೆ ಅತ್ಯಲ್ಪ ಬೆಲೆಯ ಯಂತ್ರವನ್ನು ಆತನು ನಿರ್ಮಿಸಿದನು. ಹೆಂಡತಿಯೂ ಮರಳಿ ಬಂದಳು. 2016ರಲ್ಲಿ ಭಾರತ ಸರಕಾರವು ಆತನಿಗೆ ಪದ್ಮಶ್ರೀಯನ್ನಿತ್ತಿತು.

ಈತನಿಗೆ ಸ್ವಾನುಭವವಿರಲಿಲ್ಲವೆಂಬುದು ದಿಟ. ಆದರೆ ಅನುಭವವಿದ್ದವರಿಗೆ ಹಣದ ಚೀಲವಿರಲಿಲ್ಲ, ಯಂತ್ರವಿರಲಿಲ್ಲ, ಪೇಟೆಗೆ ಹೋಗುವ ಸ್ವಾತಂತ್ರ್ಯವಿರಲಿಲ್ಲ. ಇದೇ ಪ್ರತಿಪಕ್ಷದ ಸಾರ. ಚೀಲವೂ ಬೀಗದ ಕೈಯೂ ಯಾರಲ್ಲಿರುವುವೋ ಅವರನ್ನು ಹೊಣೆಯಿಂದ ಬಿಡುಗಡೆ ಮಾಡಿದರೆ ನಷ್ಟವಾಗುವುದು ಹೆಂಗಸಿಗೇ ಹೊರತು ಗಂಡಸಿಗಲ್ಲ. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ಪ್ಯಾಡಿನ ಮೇಲೆ ನೂರಕ್ಕೆ 12ರಂತೆ ತೆರಿಗೆ ಬಿದ್ದಿತು. ಕುಂಕುಮಕ್ಕೂ ಗಾಜಿನ ಬಳೆಗೂ ತೆರಿಗೆಯಿರಲಿಲ್ಲ. ದೇಶದ ಹೆಂಗಸರೆಲ್ಲ ಕೂಗಿಕೊಂಡ ಮೇಲೆ 2018ರ ಜುಲೈಯಲ್ಲಿ ಆ ತೆರಿಗೆಯನ್ನು ತೆಗೆದರು. ತೆರಿಗೆಯನ್ನು ಹಾಕಿದ ಮಂಡಲಿಯಲ್ಲಿ ಗಂಡಸರೇ ಬಹುಮಂದಿ.

ನಮ್ಮ ಸೀಮೆಯ ನೇಮಕ

ಇಷ್ಟು ದೂರ ಹೋಗಬೇಕಾಗಿಯೂ ಇರಲಿಲ್ಲ. ಗಂಡಸನ್ನು ಈ ಕಾರ್ಯಕ್ಕೆ ನೇಮಿಸಬಹುದೇ ಎಂದು ಡಂಡಿಯ ಜನರು ಜಗಳವಾಡಿದರಲ್ಲವೆ? ನಮ್ಮ ತೆಂಗಿನ ಸೀಮೆಯಲ್ಲಿ ಆ ನೇಮಕವು ತಲೆಮಾರುಗಳ ಹಿಂದೆಯೇ ಆಗಿಹೋಗಿದೆ. ಆತನೇ ಸೋದರಮಾವ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಡೆ, ಏಕೆ, ಹಳೆಯ ಮೈಸೂರಿನ ಬಹುಭಾಗದಲ್ಲಿ, ಹುಡುಗಿಯು ಮೈನೆರೆದಳೆಂದರೆ ಮೊದಲು ಹೇಳಿಕಳುಹಿಸುವುದು ತಾಯಿಯ ಅಣ್ಣತಮ್ಮಂದಿರಿಗೆ. ಸೋದರಮಾವನು ಬಂದು ಹಸಿಯ ಸೋಗೆಯನ್ನೂ ಸೊಪ್ಪನ್ನೂ ಕಡಿದು ತಂದು ಗುಡ್ಲು ಹಾಕಬೇಕು. ಹೊಸ ಸೀರೆ ರವಿಕೆಯನ್ನು ತರಬೇಕು. ಕೊಬ್ಬರಿ, ಬೆಲ್ಲ, ಎಳ್ಳು, ತುಪ್ಪ ಇವು ಅವನ ಕಡೆಯಿಂದ ಬರಬೇಕು. ಎಳ್ಳು ಬೆಲ್ಲವನ್ನು ಕುಟ್ಟಿ ಚಿಗಳಿ ಮಾಡಿ, ಸೊಂಟಕ್ಕೆ ಬಲ ಬರಲೆಂದು ಹುಡುಗಿಗೆ ತಿನ್ನಿಸುವರು. ಊರಿಗೆಲ್ಲ ಆರತಿಯ ಕರೆ ಹೋಗುವುದು.

ಈ ಪದ್ಧತಿಯಲ್ಲಿ ಒಂದು ಸೂಕ್ಷ್ಮವಿದೆ. ಸೋದರಮಾವನು ಗುಡ್ಲು ಹಾಕಿದ ಮೇಲೆ ಒಳಗೆ ಕುಳಿತುಕೊಳ್ಳುವುದಿಲ್ಲ. ಆರತಿ ಎತ್ತುವವರು ಹೆಂಗಸರು; ಬುದ್ಧಿ ಹೇಳುವವರು ಅಜ್ಜಿ, ಅತ್ತೆ, ದೊಡ್ಡಮ್ಮಂದಿರು. ಅವನು ತರಬೇಕು, ಕಟ್ಟಬೇಕು, ಹೊರಗೆ ನಿಲ್ಲಬೇಕು. ಆದರೂ ಅವನು ಬಾರದಿದ್ದರೆ ಶಾಸ್ತ್ರವೇ ನಡೆಯದು. ಡಂಡಿಯಲ್ಲಿ ಎರಡು ಪಕ್ಷದವರಿಗೂ ಸಿಕ್ಕದೆ ಹೋದ ತೀರ್ಪು ನಮ್ಮ ಹಿತ್ತಿಲಿನ ಗುಡ್ಲಿನಲ್ಲಿ ಇದೆಯೆಂದು ನಮಗೆ ತೋರುವುದು.

ಗುಡ್ಲು ಹುಡುಗಿಯನ್ನು ಬೇರೆ ಕೂಡಿಸುವ ಸಾಧನವೂ ಹೌದಷ್ಟೆ ಎಂದು ಯಾರಾದರೂ ಕೇಳಬಹುದು. ಹೌದು. ಹಳೆಯದೆಲ್ಲವೂ ಹೊನ್ನೆಂದು ನಾವು ಹೇಳುತ್ತಿಲ್ಲ. ಸೋದರಮಾವನು ಮೊದಲ ಮುಟ್ಟಿಗೆ ಬಾಜಾಭಜಂತ್ರಿಯೊಡನೆ ಬರುತ್ತಾನೆ. ಎರಡನೆಯದರಿಂದ ಮೊದಲುಗೊಂಡು ಮೂವತ್ತು ನಲವತ್ತು ವರ್ಷಗಳವರೆಗೆ ಯಾವ ಗಂಡಸೂ ಆ ಕಡೆಗೆ ತಿರುಗಿ ನೋಡುವುದಿಲ್ಲ. ನಮ್ಮ ಆಕ್ಷೇಪಣೆಯೂ ಅಲ್ಲಿಯೇ.

ಮೂಲೆ ಮತ್ತು ಗುಡಿಸಲು

ನಮ್ಮ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯವನ್ನು ನೋಡಿದವರು ಅದರ ಒಳಮಾಳಿಗೆಯ ಶಿಲ್ಪವನ್ನು ಮರೆಯಲಾರರು. ನಡುವೆ ಕುಣಿಯುವ ಶಿವ, ಸುತ್ತಲೂ ಅಷ್ಟದಿಕ್ಪಾಲಕರು. ಅವರಲ್ಲಿ ಇಂದ್ರನೂ ಒಬ್ಬನು. ಆ ಇಂದ್ರನ ಕಥೆಯೊಂದು ತೈತ್ತಿರೀಯ ಸಂಹಿತೆಯಲ್ಲಿ ಬರುವುದು. ಅವನು ವಿಶ್ವರೂಪನನ್ನು ಕೊಂದು ಬ್ರಹ್ಮಹತ್ಯೆಗೆ ಗುರಿಯಾದನು. ಆ ದೋಷವನ್ನು ಹೊರಲಾರದೆ ಮೂರು ಪಾಲು ಮಾಡಿ ಭೂಮಿಗೂ ಮರಗಳಿಗೂ ಸ್ತ್ರೀಯರಿಗೂ ಹಂಚಿದನು. ಸ್ತ್ರೀಯರ ಪಾಲಿಗೆ ಬಂದದ್ದೇ ರಜಸ್ಸು ಎಂದು ಕಥೆ. ಮುಟ್ಟಾದವಳು ಅಶುಚಿಯೆಂಬುದಕ್ಕೆ ಇದನ್ನೇ ಆಧಾರವಾಗಿ ಹೇಳುವವರುಂಟು. ಆದರೆ ಕಥೆಯನ್ನು ಮೊದಲಿನಿಂದ ಓದಿದವನಿಗೆ ಬೇರೆಯದೇ ಅರ್ಥವು ಹೊಳೆಯಬೇಕು. ಕೊಂದವನು ಗಂಡಸು, ಹೊತ್ತವಳು ಹೆಂಗಸು. ಸಾಲವನ್ನು ಮಾಡಿದವನು ಸಾಲವನ್ನು ಹೊತ್ತವಳನ್ನು ಮೂಲೆಗೆ ಕೂಡಿಸುವುದು ಯಾವ ನ್ಯಾಯ?

ಮಹಾಭಾರತದ ದ್ಯೂತಸಭೆಯನ್ನು ನೆನೆಯಿರಿ. ದ್ರೌಪದಿಯನ್ನು ಎಳೆತಂದಾಗ ಆಕೆಯು ರಜಸ್ವಲೆಯಾಗಿದ್ದಳು, ಒಂದೇ ವಸ್ತ್ರವನ್ನುಟ್ಟಿದ್ದಳು. ಆಕೆಯು ಕೇಳಿದ ಪ್ರಶ್ನೆಗೆ ಭೀಷ್ಮನಂಥ ಧರ್ಮಜ್ಞನೂ ನೇರವಾದ ಉತ್ತರವನ್ನು ಕೊಡಲಾರದೆ ಹೋದನು. ಬಾಯಿ ತೆರೆದು ಅವಳ ಪರವಾಗಿ ಮಾತನಾಡಿದವರು ವಿದುರನೂ ಕೌರವರಲ್ಲಿಯೇ ಒಬ್ಬನಾದ ವಿಕರ್ಣನೂ. ಆ ದಿನ ಆ ಇಬ್ಬರು ಗಂಡಸರಿಗೆ, ನಿಮಗೇಕೆ ಈ ಗೊಡವೆ ಎಂದು ಯಾರಾದರೂ ಕೇಳಿದ್ದರೆ ಅದು ಸರಿಯಾಗುತ್ತಿತ್ತೆ?

ಕನ್ನಡನಾಡಿನ ಒಳಗೇ ಬೇರೆ ದಾರಿಗಳೂ ಇದ್ದವು. ಹನ್ನೆರಡನೆಯ ಶತಮಾನದ ಶರಣರು ಐದು ಸೂತಕಗಳನ್ನು ಅಲ್ಲಗಳೆದರು. ಅವುಗಳಲ್ಲಿ ರಜಸ್ಸೂತಕವೂ ಒಂದು. ತುಳುನಾಡಿನವರು ಮಕರಮಾಸದ ಕಡೆಯಲ್ಲಿ ಕೆಡ್ಡಸವೆಂಬ ಹಬ್ಬವನ್ನು ಆಚರಿಸುವರು. ಆ ಮೂರು ದಿನ ಭೂಮಿತಾಯಿಯು ಮುಟ್ಟಾಗಿರುವಳೆಂದು ನಂಬಿ ನೆಲವನ್ನು ಉಳುವುದಿಲ್ಲ, ಅಗೆಯುವುದಿಲ್ಲ. ನೇಗಿಲನ್ನು ಹೂಡುವ ಗಂಡಸೇ ನೇಗಿಲನ್ನು ಬದಿಗಿಟ್ಟು ಭೂಮಿಗೆ ವಿಶ್ರಾಂತಿ ಕೊಡುವನು. ಭೂಮಿಗೆ ತೋರಿಸಿದ ಈ ದಾಕ್ಷಿಣ್ಯವನ್ನು ಹೆಂಡತಿಗೆ ತೋರಿಸಿದವರೆಷ್ಟು ಮಂದಿ?

ನಮ್ಮ ಜಿಲ್ಲೆಯ ಸಂಗತಿಯನ್ನು ಮುಚ್ಚಿಟ್ಟು ಮಾತನಾಡಬಾರದು. ಕಾಡುಗೊಲ್ಲರ ಅನೇಕ ಹಟ್ಟಿಗಳಲ್ಲಿ ಮುಟ್ಟಾದವಳನ್ನೂ ಬಾಣಂತಿಯನ್ನೂ ಊರ ಹೊರಗಿನ ಗುಡಿಸಲಲ್ಲಿಡುವ ರೂಢಿಯು ನಡೆದುಬಂದಿತು. ಕೆಲವು ಹಟ್ಟಿಗಳಲ್ಲಿ ಸರಕಾರವು ಕೃಷ್ಣಕುಟೀರಗಳೆಂಬ ಕಟ್ಟಡಗಳನ್ನು ಕಟ್ಟಿಸಿತು. ಮಳೆಗಾಳಿಯಿಂದ ರಕ್ಷಣೆಯಾಯಿತೆಂಬುದು ಸರಿ. ಆದರೆ ಬೇಲಿಯನ್ನು ತೆಗೆಯುವ ಬದಲು ಬೇಲಿಗೆ ಮಾಡು ಹೊದಿಸಿದಂತೆಯೂ ಆಯಿತು. 2017ರಲ್ಲಿ ರಾಜ್ಯದ ಶಾಸನಸಭೆಯು ಅಂಗೀಕರಿಸಿದ ಅಮಾನವೀಯ ದುಷ್ಟಪದ್ಧತಿಗಳ ನಿರ್ಮೂಲನದ ಕಾನೂನು ಹೆಂಗಸರನ್ನು ಹೀಗೆ ಹೊರಗಿಡುವುದನ್ನು ಅಪರಾಧವೆಂದು ವಿಧಿಸಿದೆ. ಆದಾಗ್ಯೂ 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ, ಮಳೆಯ ದಿನಗಳಲ್ಲಿ ತಾಯಿಯೊಡನೆ ಹೊರಗಿನ ಗುಡಿಸಲಲ್ಲಿದ್ದ ಹಸುಗೂಸೊಂದು ತೀರಿಕೊಂಡಿತು. ಅದು ಬಾಣಂತಿಯ ಸೂತಕ, ಮುಟ್ಟಿನದಲ್ಲ. ಆದರೆ ಎರಡಕ್ಕೂ ಗುಡಿಸಲು ಒಂದೇ, ಗುಡಿಸಲನ್ನು ತೋರಿಸಿದ ಬೆರಳೂ ಒಂದೇ.

ಇದನ್ನು ಬರೆಯುವುದು ಒಂದು ಸಮುದಾಯವನ್ನು ಹಳಿಯುವುದಕ್ಕಲ್ಲ. ಅವರಲ್ಲಿ ಗುಡಿಸಲು ಹೊರಗಿರುವುದರಿಂದ ಕಣ್ಣಿಗೆ ಬೀಳುವುದು. ಓದಿದವರೆನಿಸಿಕೊಂಡ ನಮ್ಮ ಮನೆಗಳಲ್ಲಿ ಮೂಲೆಯು ಒಳಗಿರುವುದರಿಂದ ಕಣ್ಣಿಗೆ ಬೀಳದು. "ಕಾಗೆ ಮುಟ್ಟಿತು", "ಹೊರಗಾದಳು" ಎಂಬ ಮಾತುಗಳನ್ನು ಕೇಳುತ್ತ ಬೆಳೆದ ನಾವು, ತಾಯಿಯು ಚಾಪೆಯ ಮೇಲೆ ಬೇರೆ ತಟ್ಟೆಯಿಟ್ಟುಕೊಂಡು ಕುಳಿತದ್ದನ್ನು ಕಂಡು, ಆಕೆಯನ್ನು ಒಂದು ದಿನವಾದರೂ ಹೊಟ್ಟೆನೋವೇ ಎಂದು ಕೇಳಿದವರಲ್ಲ.

ಬೀಗದ ಕೈ

ಇನ್ನು ನಮ್ಮದೇ ತಪ್ಪೊಂದನ್ನು ಹೇಳಬೇಕಾಗಿದೆ. ಹೇಳದೆ ಹೋದರೆ ಮೇಲಿನ ವಿದ್ವತ್ತೆಲ್ಲ ಬರಿಯ ಬಾಯುಪಚಾರವಾದೀತು.

2013–14ನೆಯ ಸಾಲಿನಲ್ಲಿ ನಮ್ಮ ರಾಜ್ಯದಲ್ಲಿ 'ಶುಚಿ' ಎಂಬ ಯೋಜನೆಯು ಬಂದಿತು. ಸರಕಾರಿ ಶಾಲೆಗಳ ಹೆಣ್ಣುಮಕ್ಕಳಿಗೆ ಪ್ಯಾಡುಗಳನ್ನು ಬೆಲೆಯಿಲ್ಲದೆ ಒದಗಿಸುವುದು ಅದರ ಉದ್ದೇಶ. ಆಗ ನಾವಿದ್ದ ಪ್ರೌಢಶಾಲೆಯಲ್ಲಿ ಒಬ್ಬರೇ ಉಪಾಧ್ಯಾಯಿನಿಯರಿದ್ದರು. ಅವರು ವರ್ಗವಾಗಿ ಹೋದ ಮೇಲೆ ಪ್ರಭಾರ ಮುಖ್ಯೋಪಾಧ್ಯಾಯರಾಗಿದ್ದ ನಮ್ಮ ಮೇಲೆ ಆ ಭಾರವು ಬಿದ್ದಿತು. ಪೆಟ್ಟಿಗೆಗಳನ್ನು ನಮ್ಮ ಕೊಠಡಿಯ ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಬೇಕಾದವರು ಬಂದು ಪಡೆಯಬಹುದೆಂದು ಸೂಚನಾಫಲಕದಲ್ಲಿ ಒಂದು ಚೀಟಿಯನ್ನು ಅಂಟಿಸಿದೆವು. ಒಬ್ಬಳೂ ಬರಲಿಲ್ಲ. ಯಾರಿಗೂ ಬೇಡವೆಂದು ತಿಳಿದು, ದಾಸ್ತಾನು ಪುಸ್ತಕದಲ್ಲಿ ಉಳಿಕೆಯನ್ನು ಬರೆದು ರುಜು ಹಾಕಿ ನೆಮ್ಮದಿಯಾಗಿದ್ದೆವು.

ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ತಂದೆಯು ತೋಟದಲ್ಲಿ ಕಾಯಿ ಕೀಳುವವನು; ತಾಯಿಯು ಮಂಡಿಯಲ್ಲಿ ಕೊಬ್ಬರಿ ಒಡೆಯುವ ಕೂಲಿ. ಹುಡುಗಿಗೆ ಸಂಸ್ಕೃತದಲ್ಲಿ ಒಳ್ಳೆಯ ಚುರುಕು. ಆದರೆ ತಿಂಗಳಿಗೆ ನಾಲ್ಕು ದಿನ ತಪ್ಪದೆ ಗೈರುಹಾಜರಿ. ಒಮ್ಮೆ ಎಲ್ಲರ ಮುಂದೆ ನಿಲ್ಲಿಸಿ ಕಾರಣವನ್ನು ಕೇಳಿದೆವು. ಅವಳು ಮಾತನಾಡಲಿಲ್ಲ. ಉದ್ಧಟತನವೆಂದು ಭಾವಿಸಿ ಬೆಂಚಿನ ಮೇಲೆ ನಿಲ್ಲಿಸಿದೆವು. 'ಋತು' ಎಂಬ ಶಬ್ದಕ್ಕೆ ನಿಯತವಾದ ಕಾಲವೆಂದು ಅರ್ಥ ಹೇಳಿಕೊಟ್ಟ ಬಾಯಿಂದಲೇ ಅವಳನ್ನು ಬೈದೆವು.

ಮಧ್ಯಾಹ್ನದ ಊಟವಾದ ಮೇಲೆ ಅಡುಗೆಯ ಅಕ್ಕ ನಮ್ಮ ಕೊಠಡಿಯ ಬಾಗಿಲಿಗೆ ಬಂದು ನಿಂತಳು.

"ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಆ ಬೀರು ಬೀಗದ ಕೈ ನಿಮ್ಮತ್ರ ಇದ್ರೆ ಹೆಣ್ಮಕ್ಕಳು ಬಂದು ಕೇಳ್ತಾವಾ?"

ನಾವು ಸುಮ್ಮನಿದ್ದೆವು.

"ಕೈ ನನಗ್ ಕೊಡಿ. ಅಡುಗೆ ಕೋಣೇಲಿ ಇಟ್ಕೋತೀನಿ. ಕೊಡೋದು ನಾನ್ ನೋಡ್ಕೋತೀನಿ. ಮುಗಿದಾಗ ತರಿಸೋದು ನಿಮ್ಮ ಕೆಲಸ."

ಬೀಗದ ಕೈಯನ್ನು ಕೊಟ್ಟೆವು. ಎರಡು ತಿಂಗಳಲ್ಲಿ ಒಂದು ವರ್ಷದಿಂದ ಬಿದ್ದಿದ್ದ ಪೆಟ್ಟಿಗೆಗಳು ಖಾಲಿಯಾದವು. ಹುಡುಗಿಯ ಗೈರುಹಾಜರಿಯೂ ಕಡಮೆಯಾಯಿತು. ಆ ಹೆಂಗಸಿಗೆ ತನ್ನ ಹೆಸರನ್ನು ಬರೆಯುವಷ್ಟೇ ಓದು. ಆದರೆ ಮೇಲಿನ ಎರಡು ಪಕ್ಷಗಳ ವಾದವನ್ನೆಲ್ಲ ಅವಳು ಮೂರು ಮಾತಿನಲ್ಲಿ ತೀರಿಸಿದ್ದಳು.

ತಪ್ಪು ಅಲ್ಲಿಗೆ ಮುಗಿಯಲಿಲ್ಲ. 2020ರ ಕೊರೋನಾ ಕಾಲದ ಬಳಿಕ ರಾಜ್ಯದಲ್ಲಿ ಪ್ಯಾಡುಗಳ ಸರಬರಾಜು ಕೆಲವು ವರ್ಷ ನಿಂತುಹೋಯಿತು. ಶಾಲೆ ತೆರೆದ ಮೇಲೆ ಅಕ್ಕನು, "ಮೇಷ್ಟ್ರೇ, ಪೆಟ್ಟಿಗೆ ಖಾಲಿ" ಎಂದಳು. ನಾವು ಒಂದು ಕಾಗದ ಬರೆದೆವು, ಉತ್ತರ ಬರಲಿಲ್ಲ, ಇನ್ನೊಂದನ್ನು ಬರೆಯಲಿಲ್ಲ. ಶಾಲೆಯ ಗಡಿಯಾರ ಕೆಟ್ಟಾಗ ಮೂರು ಸಲ ಬರೆದಿದ್ದೆವೆಂಬುದು ಈಗ ನೆನಪಿಗೆ ಬರುವುದು. ಅವಳು ತನ್ನ ಪಾಲಿನ ಕೆಲಸವನ್ನು ಮಾಡಿದಳು. ನಮ್ಮ ಪಾಲಿನದನ್ನು ನಾವು ಮಾಡಲಿಲ್ಲ. ಯೋಜನೆಯು ನಿಂತ ವಿಚಾರವು ರಾಜ್ಯದ ಹೈಕೋರ್ಟಿನವರೆಗೂ ಹೋಯಿತು. 2024ರಲ್ಲಿ ಅದು ಮತ್ತೆ ಆರಂಭವಾಯಿತು. ಡಂಡಿಯವರು ಹಂಚುವವನು ಗಂಡಸೋ ಹೆಂಗಸೋ ಎಂದು ಹೋರಾಡುತ್ತಿದ್ದ 2022ರಲ್ಲಿ ನಮ್ಮ ಶಾಲೆಯಲ್ಲಿ ಹಂಚುವ ವಸ್ತುವೇ ಇರಲಿಲ್ಲ. ಅದಕ್ಕಾಗಿ ನಮ್ಮ ಸುತ್ತಿನ ಗಂಡಸರಲ್ಲಿ ಒಬ್ಬನಾದರೂ ದನಿಯೆತ್ತಿದ್ದನ್ನು ಕೇಳಲಿಲ್ಲ.

ಸಿದ್ಧಾಂತ

ಇಷ್ಟರಿಂದ ನಮಗೆ ತೋರಿದ ನಿರ್ಣಯವಿದು. ಈ ಕಾರ್ಯದಲ್ಲಿ ಎರಡು ಭಾಗಗಳಿವೆ. ಒದಗಿಸುವುದು ಒಂದು, ಒಪ್ಪಿಸುವುದು ಇನ್ನೊಂದು. ಒಪ್ಪಿಸುವ ಕೈ ಹೆಂಗಸಿನದಾಗಬೇಕು. ಹುಡುಗಿಯ ಮಾತನ್ನು ಕೇಳುವ ಕಿವಿಯೂ ಹೆಂಗಸಿನದಾಗಬೇಕು. ಏನು ಬೇಕು, ಎಷ್ಟು ಬೇಕು, ಹೇಗೆ ಬೇಕು ಎಂಬ ನಿರ್ಧಾರವೂ ಹೆಂಗಸಿನದೇ ಆಗಬೇಕು. ಪೂರ್ವಪಕ್ಷದವರು ಹೇಳಿದ್ದು ಈ ಭಾಗದಲ್ಲಿ ಪೂರ್ಣವಾಗಿ ಸರಿ. ಡಂಡಿಯಲ್ಲಿ ಒಂದೇ ಪೀಠದ ಮೇಲೆ ಎರಡು ಕೆಲಸಗಳನ್ನೂ ಹೇರಿ, ಅದರಲ್ಲಿ ಗಂಡಸನ್ನು ಕೂಡಿಸಿದ್ದರಿಂದಲೇ ಜಗಳವು ಹುಟ್ಟಿತೆಂದು ನಮ್ಮ ಎಣಿಕೆ.

ಆದರೆ ಒದಗಿಸುವ ಹೊಣೆಯಿಂದ ಗಂಡಸು ನುಣುಚಿಕೊಳ್ಳಕೂಡದು. ಇಂದಿಗೂ ಪಂಚಾಯತಿಯ ಲೆಕ್ಕ, ಶಾಲೆಯ ದಾಸ್ತಾನು, ಮನೆಯ ಹಣ, ಹಟ್ಟಿಯ ಕಟ್ಟಳೆ, ದೇವಸ್ಥಾನದ ನಿಯಮ ಬಹುಮಟ್ಟಿಗೆ ಗಂಡಸಿನ ಕೈಯಲ್ಲಿರುವುವು. 2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಮಂತ್ರಿಮಂಡಲವು ಉದ್ಯೋಗದಲ್ಲಿರುವ ಹೆಂಗಸರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ಸಂಬಳಸಹಿತ ಋತುಚಕ್ರದ ರಜೆಯನ್ನು ಒಪ್ಪಿತು. ಆ ರಜೆಯನ್ನು ಅವಳು ಯಾರನ್ನು ಕೇಳಬೇಕು? ಬಹುಪಾಲು ಕಡೆ ಗಂಡಸಾದ ಮೇಲಧಿಕಾರಿಯನ್ನೇ. ಅವನು ಮುಗುಳುನಕ್ಕರೆ ಸಾಕು, ಅವಳು ಮುಂದಿನ ತಿಂಗಳು ಕೇಳಳು. ಕಾನೂನು ಕಾಗದದಲ್ಲಿ ಉಳಿಯುವುದು.

ಹೀಗೆ ಗಂಡಸಿಗೆ ಇಲ್ಲಿರುವುದು ಸೋದರಮಾವನ ಕೆಲಸ. ಸೋಗೆಯನ್ನು ತರುವುದು, ಗುಡ್ಲನ್ನು ಕಟ್ಟುವುದು, ಹೊರಗೆ ನಿಲ್ಲುವುದು. ಆರತಿಯು ತನಗಲ್ಲವೆಂದು ತಿಳಿದಿರುವುದು. ಮತ್ತು ಒಂದೇ ದಿನಕ್ಕೆ ಆ ಕೆಲಸವನ್ನು ಮುಗಿಸದೆ ತಿಂಗಳು ತಿಂಗಳೂ ಮಾಡುವುದು.

ಗೃಹಸ್ಥರಿಗೆ ಬಿನ್ನಹ

ಸಿದ್ಧಾಂತವನ್ನು ಹೇಳಿ ಸುಮ್ಮನಾದರೆ ಮನೆವಾರ್ತೆಗೆ ಉಪಯೋಗವಿಲ್ಲ. ಆದಕಾರಣ ಕೆಲವು ಸಣ್ಣ ಮಾತುಗಳು.

ತಿಂಗಳ ದಿನಸಿಯ ಚೀಟಿಯಲ್ಲಿ ಬೇಳೆ, ಸಕ್ಕರೆ, ಸೋಪಿನೊಡನೆ ಪ್ಯಾಡುಗಳನ್ನೂ ಬರೆಯಿಸಿರಿ. ಗಂಡಸರು ಅಂಗಡಿಗೆ ಹೋದಾಗ ಕೊಂಡು ತನ್ನಿರಿ. ಅಂಗಡಿಯವನು ಅದನ್ನು ಕಳ್ಳಮಾಲಿನಂತೆ ಹಳೆಯ ಪತ್ರಿಕೆಯಲ್ಲಿ ಸುತ್ತಿ ಕಪ್ಪು ಚೀಲಕ್ಕೆ ಹಾಕಹೊರಟರೆ, ಹಾಗೆಯೇ ಕೊಡೆನ್ನಿರಿ. ಜನೌಷಧಿ ಕೇಂದ್ರಗಳಲ್ಲಿ 'ಸುವಿಧಾ' ಎಂಬ ಹೆಸರಿನ ಪ್ಯಾಡನ್ನು 2019ರ ಆಗಸ್ಟಿನಿಂದ ಒಂದಕ್ಕೆ ಒಂದು ರೂಪಾಯಿಯಂತೆ ಮಾರತೊಡಗಿದರು. ಬಡವರ ಮನೆಗೆ ಈ ಸುದ್ದಿಯನ್ನು ಮುಟ್ಟಿಸುವುದೂ ಒಂದು ದಾನ.

ಬಟ್ಟೆಯನ್ನೇ ಬಳಸುವ ಮನೆಗಳು ಇನ್ನೂ ಬೇಕಾದಷ್ಟಿವೆ. ಹತ್ತಿಯ ಬಟ್ಟೆಯು ಕೆಟ್ಟದ್ದಲ್ಲ; ಅದನ್ನು ಬಚ್ಚಿಡುವುದು ಕೆಟ್ಟದ್ದು. ಸೋಪು ಹಾಕಿ ಒಗೆದು ಬಿಸಿಲಲ್ಲಿ ಒಣಗಿಸಿದರೆ ನಿರಪಾಯ. ಸೀರೆಯ ಮರೆಯಲ್ಲಿ, ಬಚ್ಚಲಿನ ಕತ್ತಲೆಯಲ್ಲಿ ಅರೆಬರೆ ಆರಿದರೆ ರೋಗಕ್ಕೆ ದಾರಿ. ಮನೆಯ ಗಂಡಸಿನ ಕಣ್ಣಿಗೆ ಬೀಳಬಾರದೆಂಬ ಭಯದಿಂದಲೇ ಅದು ಕತ್ತಲೆಗೆ ಹೋಗುವುದು. ನಿಮ್ಮ ಪಂಚೆಯು ಒಣಗುವ ತಂತಿಯ ಮೇಲೆ ಅದಕ್ಕೂ ಒಂದು ಮೊಳ ಜಾಗವಿರಲಿ. ಹೊಸದಾಗಿ ಬಂದಿರುವ ಮುಟ್ಟಿನ ಬಟ್ಟಲುಗಳನ್ನು ನಮ್ಮ ಸರಕಾರವು ದಕ್ಷಿಣಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ 'ಮೈತ್ರಿ' ಎಂಬ ಹೆಸರಿನಲ್ಲಿ ಮೊದಲು ಹಂಚಿ ನೋಡಿತು. ಒಂದು ಬಟ್ಟಲು ಹಲವು ವರ್ಷ ಬರುವುದು. ಯಾವುದು ಯಾರಿಗೆ ಒಗ್ಗುವುದೆಂಬುದನ್ನು ಮನೆಯ ಹೆಂಗಸರೇ ವಿಚಾರಿಸಿಕೊಳ್ಳಲಿ.

ಕಡೆಯದಾಗಿ, ನಿಮ್ಮ ಊರಿನ ಶಾಲೆಗೆ ಒಂದು ದಿನ ಹೋಗಿರಿ. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಅಗುಳಿಯುಂಟೆ, ನಲ್ಲಿಯಲ್ಲಿ ನೀರು ಬರುವುದೆ, ಬಳಸಿದ್ದನ್ನು ಹಾಕಲು ಮುಚ್ಚಳದ ಡಬ್ಬಿಯಿದೆಯೆ ಎಂದು ವಿಚಾರಿಸಿರಿ. ಬೀರುವಿನ ಬೀಗದ ಕೈ ಯಾರಲ್ಲಿದೆಯೆಂದು ಕೇಳಿರಿ. ಅದು ಮೇಷ್ಟರ ಜೇಬಿನಲ್ಲಿದ್ದರೆ ಒಬ್ಬ ಹೆಂಗಸಿನ ಕೈಗೆ ಕೊಡಿಸಿರಿ. ಪೆಟ್ಟಿಗೆ ಖಾಲಿಯಾಗಿದ್ದರೆ ಒಂದು ಕಾಗದ ಬರೆಯಿರಿ. ಉತ್ತರ ಬಾರದಿದ್ದರೆ ಎರಡನೆಯದನ್ನು ಬರೆಯಿರಿ. ನಾವು ಬರೆಯದೆ ಬಿಟ್ಟದ್ದು ಆ ಎರಡನೆಯ ಕಾಗದವನ್ನೇ.